ಹೊಗೆ ಕಾಣುತ್ತೆ, ಬ್ರೇಕ್ ಕಾಣಲ್ಲ: ಒಂದು ಹಳೇ ಆರ್‌ಎಕ್ಸ್ 100ರ ರಿಪೇರಿ ಪಟ್ಟಿ

ಗಾಡಿ 1994ರ ಯಮಹಾ ಆರ್‌ಎಕ್ಸ್ 100. ಕೊಂಡವರು ಮಲೆನಾಡಿನ ಒಂದು ಹೈಸ್ಕೂಲಿನ ಮೇಷ್ಟ್ರು. ಹೆಸರು, ಊರು, ಗಾಡಿ ನಂಬರು ಯಾವುದನ್ನೂ ಇಲ್ಲಿ ಹಾಕಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಟೂ ಸ್ಟ್ರೋಕ್ ಗಾಡಿಗಳ (ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಹಳೇ ಬಗೆಯ ಎಂಜಿನ್ನಿನವು) ಹುಚ್ಚು ಇರುವವನು, ಅವರ ಜೊತೆ ಪಟ್ಟಿ ಮಾಡಲು ಕೂತವನು ಅಷ್ಟೇ.

ಈ ಗಾಡಿ ಬಂದದ್ದು 1985ರ ಕೊನೆಗೆ, ನಿಂತುಹೋದದ್ದು 1996ರಲ್ಲಿ. 98 ಸಿಸಿ, 11 ಎಚ್‌ಪಿ, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಅಂದರೆ ಈಗ ಮಾರಾಟಕ್ಕೆ ಸಿಗುವ ಯಾವ ಆರ್‌ಎಕ್ಸ್ 100 ಆದರೂ ಕಾಲು ಶತಮಾನ ದಾಟಿದ್ದೇ. ಮಾರುವವರು "ಕಂಡೀಷನ್ ಗಾಡಿ" ಅಂದರೆ ಸಾಮಾನ್ಯವಾಗಿ ಅದರ ಅರ್ಥ ಟ್ಯಾಂಕಿಗೆ ಹೊಸ ಬಣ್ಣ ಬಿದ್ದಿದೆ ಅಂತ. ಮೇಷ್ಟ್ರ ಗಾಡಿಗೆ ಆ ಭಾಗ್ಯವೂ ಇರಲಿಲ್ಲ. ಟ್ಯಾಂಕ್ ಬಣ್ಣ ಎದ್ದಿತ್ತು, ಸೀಟು ಹರಿದಿತ್ತು, ಸೈಲೆನ್ಸರ್ ತುಕ್ಕು ಹಿಡಿದಿತ್ತು, ಹಿಂದೆ ಬರುವವರಿಗೆ ರಸ್ತೆ ಕಾಣದಷ್ಟು ಬಿಳಿ ಹೊಗೆ ಬಿಡುತ್ತಿತ್ತು.

ಒಂದು ಕೆಲಸ ಮಾತ್ರ ಅವರು ದುಡ್ಡು ಕೊಡುವ ಮೊದಲೇ ಮುಗಿಸಿದ್ದರು. ಹ್ಯಾಂಡಲ್ ಕೆಳಗಿನ ಕತ್ತಿನ ಹತ್ತಿರ ಇರುವ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು, ಆರ್‌ಸಿ ಜೊತೆ ಹೋಲಿಸಿದ್ದರು. ಎಂಜಿನ್ ನಂಬರನ್ನೂ ನೋಡಿದ್ದರು. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ಆಗಬೇಕಾದ ನೋಂದಣಿ ನವೀಕರಣ 2024ರಲ್ಲಿ ಆಗಿತ್ತು. ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳುವ ಫಾರಂ 29, 30ಕ್ಕೆ ಮಾರುವವರ ಸಹಿ ಹಾಕಿಸಿಕೊಂಡೇ ಹಣ ಎಣಿಸಿದರು. ಈ ಗಾಡಿಗೆ ಇರುವ ಬೇಡಿಕೆಯಲ್ಲಿ ಕದ್ದ ಮಾಲೂ ಓಡಾಡುತ್ತೆ. ನಂಬರು ತಾಳೆಯಾಗದಿದ್ದರೆ ಯಾವ ರಿಪೇರಿ ಪಟ್ಟಿಯೂ ಉಪಯೋಗಕ್ಕೆ ಬರಲ್ಲ.

ಮೊದಲ ಪಟ್ಟಿ

ಗಾಡಿ ಮನೆಗೆ ಬಂದದ್ದು ಏಪ್ರಿಲ್‌ನಲ್ಲಿ. ರಿಪೇರಿಗೆ ಅಂತ ಕೈಯಲ್ಲಿ ಇಟ್ಟುಕೊಂಡದ್ದು 20 ಸಾವಿರ ರೂಪಾಯಿ. ವಾರದ ದಿನ ಶಾಲೆಗೆ ಹೋಗಿ ಬರೋದು, ಶನಿವಾರ ಆಗುಂಬೆ ಘಾಟಿ ಇಳಿದು ಕರಾವಳಿಯ ಕಡೆ ಇರುವ ಅಪ್ಪ ಅಮ್ಮನ ಮನೆಗೆ. ಹದಿನಾಲ್ಕು ಹೇರ್‌ಪಿನ್ ತಿರುವು, ಜೂನ್ ಬಂದರೆ ಎಡೆಬಿಡದ ಮಳೆ, ಮಂಜು. ಗಾಡಿ ಎಲ್ಲಿ ಓಡುತ್ತೆ ಅನ್ನೋದನ್ನು ಪಟ್ಟಿಯ ಮೇಲ್ಗಡೆಯೇ ಬರೆಯಬೇಕು. ಮೇಷ್ಟ್ರು ಬರೆದಿರಲಿಲ್ಲ.

ಅವರ ಪಟ್ಟಿ ಎರಡು ಪುಟ ಇತ್ತು. ಮೊದಲ ಸಾಲು ಹೊಗೆ. ಎರಡನೆಯದು ಎಂಜಿನ್ನಿನ ಟಿಕ್ ಟಿಕ್ ಸದ್ದು. ಆಮೇಲೆ ಟ್ಯಾಂಕಿನ ಬಣ್ಣ, ಸೀಟು, ಸೈಲೆನ್ಸರ್, ಕೆಲಸ ಮಾಡದ ಇಂಡಿಕೇಟರ್, ಕೀರಲು ಹಾರನ್. ಎರಡನೇ ಪುಟದ ಅರ್ಧಕ್ಕೆ ಬಂದಾಗ "ಹಿಂದಿನ ಬ್ರೇಕ್ ಸ್ವಲ್ಪ ಡಲ್" ಅಂತ ಇತ್ತು. ಟೈರ್ ಬಗ್ಗೆ ಒಂದು ಅಕ್ಷರವೂ ಇಲ್ಲ.

ಕಣ್ಣಿಗೆ ಬಿದ್ದ ಕ್ರಮದಲ್ಲಿ ಪಟ್ಟಿ ಬೆಳೆದಿತ್ತು. ಎಲ್ಲರ ಮೊದಲ ಪಟ್ಟಿಯೂ ಹೀಗೇ ಇರುತ್ತೆ. ಹೊಗೆಯನ್ನು ಪಕ್ಕದ ಮನೆಯವರೂ ನೋಡುತ್ತಾರೆ, ನಗುತ್ತಾರೆ. ಬ್ರೇಕ್ ಡ್ರಮ್ಮಿನ ಒಳಗೆ ಯಾರೂ ಇಣುಕಲ್ಲ.

ಪೇಟೆಯ ಮೆಕ್ಯಾನಿಕ್ ಗಾಡಿ ನೋಡಿ, ಎರಡು ಸಲ ರೇಸ್ ಕೊಟ್ಟು, "ಬೋರ್ ಹೋಗಿದೆ ಸಾರ್" ಅಂದರು. ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ ಸವೆದಿದೆ ಅಂತ. ಬೋರ್, ಪಿಸ್ಟನ್, ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಕ್ರ್ಯಾಂಕ್ ಸೇರಿ 11 ಸಾವಿರ. ಎಂಜಿನ್ ಇಳಿಸಿದ್ದಾಗಲೇ ಚಾಸಿಗೂ ಟ್ಯಾಂಕಿಗೂ ಬಣ್ಣ ಹೊಡೆಸಿದರೆ ಇನ್ನೊಂದು 8 ಸಾವಿರ. ಉಳಿಯೋದು ಒಂದು ಸಾವಿರ. ಅವರ ಮಾತಿನಲ್ಲಿ ಮೋಸ ಏನೂ ಇರಲಿಲ್ಲ. ಒಂದೇ ಸಲ ಬಿಚ್ಚಿದರೆ ಲೇಬರ್ ಒಂದೇ ಸಲ ಕೊಟ್ಟರೆ ಸಾಕು, ಅದು ನಿಜವೇ. ಮೇಷ್ಟ್ರು ಅಡ್ವಾನ್ಸ್ ಕೊಡುವ ಹಿಂದಿನ ಸಂಜೆ ಪಟ್ಟಿ ಹಿಡಿದುಕೊಂಡು ಬಂದರು.

ಪಟ್ಟಿ ಮೂರು ಪುಟ ಆದದ್ದು

ನಾವು ಹೊಸದಾಗಿ ಒಂದೇ ಪ್ರಶ್ನೆ ಇಟ್ಟುಕೊಂಡೆವು. ಓಡುತ್ತಿರುವಾಗ ಈ ಭಾಗ ಕೈಕೊಟ್ಟರೆ ಏನಾಗುತ್ತೆ? ಉತ್ತರ "ಬೀಳ್ತೀನಿ" ಅಂತಾದರೆ ಮೊದಲ ಪುಟ. "ದೊಡ್ಡ ಖರ್ಚು ಬರುತ್ತೆ" ಅಂತಾದರೆ ಎರಡನೆಯದು. "ಕಿರಿಕಿರಿ ಆಗುತ್ತೆ, ನಗುತ್ತಾರೆ" ಅಂತಾದರೆ ಮೂರನೆಯದು. ಬಣ್ಣ ಮೂರನೇ ಪುಟಕ್ಕೆ ಹೋಯಿತು. ಹೊಗೆಯನ್ನು ಎಲ್ಲಿ ಹಾಕೋದು ಅಂತ ಮಾತ್ರ ಆ ಸಂಜೆ ತೀರ್ಮಾನ ಆಗಲಿಲ್ಲ. ಅದು ರೋಗ ಅಲ್ಲ, ಲಕ್ಷಣ. ಪಕ್ಕಕ್ಕಿಟ್ಟೆವು.

ಮೊದಲ ಪುಟ ತುಂಬಲು ಮರುದಿನ ಗಾಡಿಯನ್ನು ನಡುಸ್ಟ್ಯಾಂಡ್ ಹಾಕಿ ಕೂತೆವು. ಆವತ್ತು ಸಿಕ್ಕಿದ್ದೇ ಈ ಪ್ರಕರಣದ ತಿರುಳು.

ಟೈರಿನ ಬಟನ್ (ರಸ್ತೆಗೆ ತಾಗುವ ಉಬ್ಬುಗಳು) ಪೂರ್ತಿ ಇತ್ತು. ಅದಕ್ಕೇ ಮೇಷ್ಟ್ರ ಪಟ್ಟಿಯಲ್ಲಿ ಅದು ಬಂದಿರಲಿಲ್ಲ. ಪಕ್ಕದ ಗೋಡೆ ಒರೆಸಿ ನೋಡಿದಾಗ ಸಣ್ಣ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ 1811 ಅಂತ ಇತ್ತು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2011ರ ಹದಿನೆಂಟನೇ ವಾರ ತಯಾರಾದ ಟೈರ್. ಉಗುರಿನಿಂದ ಒತ್ತಿದರೆ ರಬ್ಬರ್ ಸ್ವಲ್ಪವೂ ಒಳಕ್ಕೆ ಹೋಗಲಿಲ್ಲ. ಬಟನ್‌ಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಓಡಿದ್ದವು. ಗಟ್ಟಿಯಾದ ರಬ್ಬರ್ ಒಣ ರಸ್ತೆಯಲ್ಲಿ ಹೇಗೋ ನಡೆಯುತ್ತೆ, ಒದ್ದೆ ರಸ್ತೆಯಲ್ಲಿ ಜಾರುತ್ತೆ. "ಬಟನ್ ಫುಲ್ ಇದೆಯಲ್ಲ, ಸುಮ್ನೆ ಯಾಕೆ ಎಸೀಬೇಕು?" ಅಂತ ಮೇಷ್ಟ್ರು ತುಂಬಾ ಹೊತ್ತು ವಾದ ಮಾಡಿದರು. ಟೈರ್ ವಿಷಯದಲ್ಲಿ ಅವರನ್ನು ಒಪ್ಪಿಸೋದೇ ಎಲ್ಲಕ್ಕಿಂತ ಕಷ್ಟ ಆಯಿತು.

ಹಿಂದಿನ ಬ್ರೇಕ್ ಇನ್ನೂ ಸ್ವಾರಸ್ಯ. ಪೆಡಲ್ ಒತ್ತಿದರೆ ಗಾಡಿ ನಿಲ್ಲುತ್ತಿತ್ತು. ಆದರೆ ರಾಡ್ ತುದಿಯ ನಟ್ಟು ಹೆಚ್ಚುಕಮ್ಮಿ ಕೊನೆಯವರೆಗೂ ಬಿಗಿದಿತ್ತು. ಡ್ರಮ್ಮಿನ ಹೊರಗೆ ಇರುವ ಚಿಕ್ಕ ಲಿವರನ್ನು ಗಮನಿಸಿ. ಅದು ಕೂರುವ ಹಲ್ಲುಳ್ಳ ಕಡ್ಡಿಯ ತುದಿಯಲ್ಲಿ ಒಂದು ಚುಕ್ಕಿ, ಲಿವರ್ ಮೇಲೆ ಒಂದು ಚುಕ್ಕಿ, ಎರಡೂ ಎದುರುಬದುರು ಇರಬೇಕು. ಇಲ್ಲಿ ಒಂದು ಹಲ್ಲು ಆಚೆ ಸರಿದಿತ್ತು. ಅಂದರೆ ಬ್ರೇಕ್ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಭಾಗ) ಸವೆದು ಅಡ್ಜಸ್ಟ್‌ಮೆಂಟ್ ಮುಗಿದ ಮೇಲೆ, ಯಾರೋ ಲಿವರ್ ಕಿತ್ತು ಒಂದು ಹಲ್ಲು ತಿರುಗಿಸಿ ಹಾಕಿದ್ದಾರೆ. ಪೆಡಲ್‌ಗೆ ಮತ್ತೆ ಗಟ್ಟಿತನ ಬಂತು, ಶೂ ಹೊಸದಾಗಲಿಲ್ಲ. ಬಿಚ್ಚಿದಾಗ ಶೂ ಮೇಲಿನ ಲೈನಿಂಗ್ ಲೋಹಕ್ಕೆ ತಾಗುವಷ್ಟು ತೆಳು. ಇಂಥ ಸ್ಥಿತಿಯಲ್ಲಿ ಒಳಗೆ ಶೂಗಳನ್ನು ಅಗಲಿಸುವ ಕ್ಯಾಮ್ ಮಿತಿ ಮೀರಿ ತಿರುಗಿ, ಶೂ ವಾಪಸ್ ಬರದೆ ಚಕ್ರ ಲಾಕ್ ಆಗುವ ಸಾಧ್ಯತೆಯೂ ಇರುತ್ತೆ.

ಅದಕ್ಕಿಂತ ಭಯ ಹುಟ್ಟಿಸಿದ್ದು ಟೆನ್ಷನ್ ಬಾರ್. ಶೂಗಳು ಕೂತಿರುವ ಬ್ರೇಕ್ ಪ್ಲೇಟ್ ಚಕ್ರದ ಜೊತೆ ಸುತ್ತದ ಹಾಗೆ ಹಿಡಿದಿಡುವ ಲೋಹದ ಪಟ್ಟಿ ಅದು. ಅದರ ನಟ್ಟಿಗೆ ಸ್ಪ್ಲಿಟ್ ಪಿನ್ ಇರಬೇಕಾದ ಕಡೆ ಮನೆ ವೈರಿಂಗಿನ ತಾಮ್ರದ ತಂತಿ ಸುತ್ತಿದ್ದರು. ಅಂಗಡಿಯಲ್ಲಿ ಎರಡು ರೂಪಾಯಿ ಪಿನ್. ನಟ್ಟು ಬಿಚ್ಚಿಹೋದ ದಿನ ಬ್ರೇಕ್ ಒತ್ತಿದರೆ ಪ್ಲೇಟ್ ಗಿರ್ರನೆ ತಿರುಗಿ ರಾಡ್ ಮುರಿಯುತ್ತೆ, ಚಕ್ರ ಹಿಡಿದುಕೊಂಡರೂ ಆಶ್ಚರ್ಯ ಇಲ್ಲ.

ಉಳಿದವು ಬೇಗ ಸಿಕ್ಕವು. ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದರೆ ಸರಿಯಾಗಿ ನಡುವೆ ಬಂದಾಗ ಟಕ್ ಅಂತ ಕೂರುತ್ತಿತ್ತು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಗುಂಡಿ ಬಿದ್ದಿದೆ ಅನ್ನೋದಕ್ಕೆ ಅದೇ ಗುರುತು. ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಜೋತು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಾಗಿತ್ತು. ಹೆಡ್‌ಲೈಟ್ ಹೋಲ್ಡರ್ ಸುಟ್ಟು ಕಪ್ಪಾಗಿತ್ತು. ಬೆಂಗಳೂರಿನ ಬೀದಿದೀಪದ ಕೆಳಗೆ ಓಡಿಸುವವರು ಹೆಡ್‌ಲೈಟನ್ನು ಎರಡನೇ ಪುಟಕ್ಕೆ ಹಾಕಿದರೂ ನಡೆದೀತು. ಆಗುಂಬೆಯ ಮಂಜಿನಲ್ಲಿ ನಡೆಯಲ್ಲ.

ಘಟ್ಟಕ್ಕೂ ಟೂ ಸ್ಟ್ರೋಕಿಗೂ ಇರುವ ಇನ್ನೊಂದು ಸಂಬಂಧವನ್ನೂ ಲೆಕ್ಕಕ್ಕೆ ತಗೊಂಡೆವು. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತೆ. ಟೂ ಸ್ಟ್ರೋಕಿನಲ್ಲಿ ಆ ಹಿಡಿತ ತೀರಾ ಕಮ್ಮಿ. ಹದಿನಾಲ್ಕು ತಿರುವಿನಲ್ಲೂ ಕೆಲಸ ಮಾಡಬೇಕಾದ್ದು ಆ ಎರಡು ಡ್ರಮ್ಮುಗಳೇ. ಈ ಮಾತು ಕೇಳಿದ ಮೇಲೆ ಮೇಷ್ಟ್ರು ಟೈರಿನ ವಾದವನ್ನೂ ಬಿಟ್ಟರು.

ಫೋನಿನಲ್ಲಿ ಸಿಕ್ಕ ಒಂದು ಮಾತು

ಆರ್‌ಎಕ್ಸ್ 100ರಲ್ಲಿ 2ಟಿ ಆಯಿಲಿಗೆ (ಪಿಸ್ಟನ್ ಸವೆಯದ ಹಾಗೆ ಕಾದು ಪೆಟ್ರೋಲಿನ ಜೊತೆ ಸುಟ್ಟುಹೋಗುವ ಆಯಿಲ್) ಬೇರೆ ಡಬ್ಬಿ ಇದೆ. ಅಲ್ಲಿಂದ ಪಂಪ್ ಆಯಿಲನ್ನು ಅಳೆದು ಎಂಜಿನ್ನಿಗೆ ಕಳಿಸುತ್ತೆ. ಎಷ್ಟು ಕಳಿಸಬೇಕು ಅನ್ನೋದು ಎಂಜಿನ್ ವೇಗ ಮತ್ತು ಎಕ್ಸಿಲರೇಟರ್ ಎರಡನ್ನೂ ನೋಡಿ ನಿರ್ಧಾರ ಆಗುತ್ತೆ. ಪಂಪ್ ನಿಂತರೆ ಪಿಸ್ಟನ್ನಿಗೆ ಆಯಿಲ್ ಇಲ್ಲ, ಸ್ವಲ್ಪ ಹೊತ್ತಿನಲ್ಲೇ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುತ್ತೆ. ಎರಡನೇ ಪುಟದ ಮೊದಲ ಸಾಲಿಗೆ "ಪಂಪ್ ಕೆಲಸ ಮಾಡ್ತಿದೆಯಾ?" ಅಂತ ಬರೆದದ್ದು ಅದಕ್ಕೆ. ಡಬ್ಬಿ ತುಂಬಾ ಆಯಿಲ್ ಇತ್ತು. ಹೊಗೆಯೂ ಬೇಕಾದಷ್ಟು. ಪಂಪ್ ಚೆನ್ನಾಗಿಯೇ ಇರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ?

ಪರೀಕ್ಷೆ ಸುಲಭ. ಪಂಪಿನಿಂದ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಡೆಗೆ ಹೋಗುವ ತೆಳು ಪೈಪಿನ ತುದಿ ಬಿಡಿಸಿ, ಎಂಜಿನ್ ನಿಧಾನಕ್ಕೆ ಓಡಲು ಬಿಟ್ಟು, ಪಂಪಿನ ರಾಟೆಯನ್ನು ಕೈಯಿಂದ ಪೂರ್ತಿ ಎಳೆದು ಹಿಡಿದೆವು. ಪೈಪಿನಲ್ಲಿ ಆಯಿಲ್ ತೆವಳುತ್ತಾ ಬರಬೇಕು. ಬರಲಿಲ್ಲ. ತಕ್ಷಣ ಎಂಜಿನ್ ಆಫ್ ಮಾಡಿದೆವು.

ಹಾಗಾದರೆ ಈ ಗಾಡಿ ಇಷ್ಟು ದಿನ ಹೇಗೆ ಓಡಿತು? ಮೇಷ್ಟ್ರು ಮಾರಿದವರಿಗೆ ಫೋನ್ ಮಾಡಿದರು. ಅವರು ಏನೂ ಮುಚ್ಚಿಡದೆ, "ಪಂಪ್ ಶೋಕಿಗೆ ಇದೆ ಸಾರ್, ನಾನು ಯಾವಾಗಲೂ ಬಂಕಿನಲ್ಲೇ ಪೆಟ್ರೋಲಿಗೆ 2ಟಿ ಹಾಕಿಸ್ತಿದ್ದೆ" ಅಂದರು. ಹೇಳಬೇಕು ಅಂತ ಅವರಿಗೆ ಹೊಳೆದಿರಲೇ ಇಲ್ಲ, ಇವರೂ ಕೇಳಿರಲಿಲ್ಲ. ಮೇಷ್ಟ್ರು ಇಲ್ಲಿಯವರೆಗೆ ಓಡಿಸಿದ್ದು ಮಾರಿದವರು ತುಂಬಿಸಿಕೊಟ್ಟ ಪೆಟ್ರೋಲಿನಲ್ಲಿ. ಮುಂದಿನ ಸಲ ಬಂಕಿಗೆ ಹೋದಾಗ ಬರೀ ಪೆಟ್ರೋಲ್ ಬೀಳುತ್ತಿತ್ತು.

ಹಳೇ ಟೂ ಸ್ಟ್ರೋಕ್ ಕೊಳ್ಳುವವರು ಮೈಲೇಜ್ ಎಷ್ಟು ಅಂತ ಕೇಳುವ ಮೊದಲು "ಟ್ಯಾಂಕಿಗೆ ಏನೇನು ಹಾಕ್ತಿದ್ರಿ?" ಅಂತ ಕೇಳಬೇಕು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಬೇರೆಯವರು ಹೊತ್ತುಕೊಂಡು ಹೋಗಬೇಕಾದ ಪ್ರಶ್ನೆ ಇದೇ. ಅಲ್ಲಿಂದ ಮುಂದೆ, ಪಂಪ್ ಸರಿಯಾಗುವವರೆಗೂ, ಮೇಷ್ಟ್ರು ಲೀಟರಿಗೆ 40 ಮಿ.ಲೀ. ಆಯಿಲ್ ಬೆರೆಸಿಯೇ ಓಡಿಸಿದರು.

ಈಗ ಹೊಗೆಯ ಕಡೆ ಬನ್ನಿ. ಪಂಪ್ ಸತ್ತಿದೆ. ಪೆಟ್ರೋಲಿಗೆ ಬೆರೆಸಿದ 2ಟಿ ಇಷ್ಟು ಹೊಗೆ ಕೊಡಲ್ಲ. ಬೇರೆ ಎಲ್ಲಿಂದಲೋ ಆಯಿಲ್ ಒಳಗೆ ಬರುತ್ತಿದೆ. ಈ ಎಂಜಿನ್ನಿನಲ್ಲಿ ಬಲಗಡೆ ಕ್ಲಚ್ ಮತ್ತು ಗೇರ್ ಆಯಿಲ್, ಕ್ರ್ಯಾಂಕಿಗೂ ಅದಕ್ಕೂ ನಡುವೆ ಒಂದು ರಬ್ಬರ್ ಸೀಲ್. ಸೀಲ್ ಹರಿದರೆ ಎಂಜಿನ್ ಗೇರ್ ಆಯಿಲನ್ನೇ ಹೀರಿ ಸುಡುತ್ತೆ. ಗೇರ್ ಬಾಕ್ಸ್ ಆಯಿಲ್ ಬಸಿದಾಗ ಇರಬೇಕಾದುದಕ್ಕಿಂತ ಎಷ್ಟೋ ಕಮ್ಮಿ ಬಂತು. ಕೆಳಗೆ ಎಲ್ಲೂ ಸೋರಿದ ಗುರುತು ಇರಲಿಲ್ಲ. ಅನುಮಾನ ಗಟ್ಟಿಯಾಯಿತು.

ಇದನ್ನೆಲ್ಲ ಹೇಳಿದಾಗ ಮೆಕ್ಯಾನಿಕ್ ಮುಖ ಗಂಟು ಹಾಕಿಕೊಳ್ಳಲಿಲ್ಲ. "ಆಯ್ತು, ಸೀಲ್ ಹಾಕಿ ನೋಡೋಣ. ಹೊಗೆ ನಿಲ್ಲದಿದ್ರೆ ಬೋರ್" ಅಂದರು. ಎರಡು ಸಲ ಬಿಚ್ಚಿದರೆ ಎರಡು ಸಲ ಲೇಬರ್ ಅಂತ ಮತ್ತೆ ನೆನಪಿಸಿದರು. ಮೇಷ್ಟ್ರು ಒಪ್ಪಿದ್ದಕ್ಕೆ ಕಾರಣ ಇತ್ತು. ಬೋರ್ ಮಾಡೋದು ಅಂದರೆ ಸಿಲಿಂಡರನ್ನು ಕಾಲು ಮಿಲಿಮೀಟರ್ ದೊಡ್ಡದು ಮಾಡೋದು. 0.25, 0.50, 0.75, 1.00, ಅಲ್ಲಿಗೆ ಮುಗಿಯಿತು. ಒಂದು ಸಿಲಿಂಡರಿಗೆ ನಾಲ್ಕೇ ಅವಕಾಶ. ಮೂವತ್ತು ವರ್ಷದ ಗಾಡಿಯಲ್ಲಿ ಅದರಲ್ಲಿ ಎಷ್ಟು ಖರ್ಚಾಗಿವೆಯೋ. ಬೇಕೋ ಬೇಡವೋ ಗೊತ್ತಿಲ್ಲದೆ ಇನ್ನೊಂದನ್ನು ಕಳೆಯೋದಕ್ಕಿಂತ ಲೇಬರ್ ಜಾಸ್ತಿ ಕೊಡೋದೇ ಅಗ್ಗ.

ಪಂಪಿನ ಬಗ್ಗೆ ಇನ್ನೊಂದು ಚರ್ಚೆ ಆಯಿತು. ಕಿತ್ತುಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸಿ, ತಲೆನೋವೇ ಇಲ್ಲ ಅಂತ ಮೆಕ್ಯಾನಿಕ್ ಸಲಹೆ. ಬಯಲುಸೀಮೆಯಲ್ಲಿ ಓಡಿಸುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಉದ್ದದ ಇಳಿಜಾರಿನಲ್ಲಿ ಎಕ್ಸಿಲರೇಟರ್ ಮುಚ್ಚಿರುತ್ತೆ, ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತೆ. ಪೆಟ್ರೋಲ್ ಹೋಗದಿದ್ದರೆ ಅದರೊಳಗಿನ ಆಯಿಲೂ ಹೋಗಲ್ಲ. ಪಂಪ್ ಇದ್ದರೆ ಎಂಜಿನ್ ತಿರುಗುವವರೆಗೂ ಒಂದಿಷ್ಟಾದರೂ ಆಯಿಲ್ ಬೀಳುತ್ತೆ. ವಾರಕ್ಕೊಮ್ಮೆ ಘಾಟಿ ಇಳಿಯುವ ಗಾಡಿಗೆ ಪಂಪ್ ಬೇಕು ಅಂತ ತೀರ್ಮಾನ ಆಯಿತು. ಬಿಚ್ಚಿದಾಗ ಪಂಪನ್ನು ತಿರುಗಿಸುವ ಗೇರಿನ ಹಲ್ಲು ಸವೆದಿತ್ತು. ಬದಲಿಸಿ, ಗಾಳಿ ತೆಗೆದು, ಗುರುತಿಗೆ ಗುರುತು ಕೂರಿಸಿದರು. ಮೊದಲ ಟ್ಯಾಂಕ್ ಮುಗಿಯುವವರೆಗೆ ಪೆಟ್ರೋಲಿಗೂ ಆಯಿಲ್ ಬೆರೆಸಿ, ಆಯಿಲ್ ಡಬ್ಬಿಯ ಮೇಲೆ ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿಕೊಂಡರು. ಮಟ್ಟ ಇಳಿಯತೊಡಗಿದ ಮೇಲೆಯೇ ಬೆರೆಸೋದು ನಿಂತಿತು.

ಸೀಲ್ ಬದಲಾದ ಮೇಲೆ ಸೈಲೆನ್ಸರಿನಲ್ಲಿ ಕೂತಿದ್ದ ಹಳೇ ಆಯಿಲ್ ಸುಡುವವರೆಗೆ ಒಂದಷ್ಟು ದಿನ ಹೊಗೆ ಬಂತು. ಮೇಷ್ಟ್ರು ಅಷ್ಟರಲ್ಲೇ ಕಂಗಾಲಾಗಿ ಎರಡು ಸಲ ಫೋನ್ ಮಾಡಿದ್ದರು. ಆಮೇಲೆ ನಿಂತಿತು. ಟಿಕ್ ಟಿಕ್ ಸದ್ದು ಹಾಗೇ ಉಳಿಯಿತು, ನಾವೂ ಹಾಗೇ ಬಿಟ್ಟೆವು.

ಲೆಕ್ಕ ಹೀಗೆ: ಎರಡು ಟೈರ್ ಟ್ಯೂಬ್ ಸುಮಾರು 4 ಸಾವಿರ, ಎರಡೂ ಬ್ರೇಕ್ ಕೆಲಸ 1,200, ಕೋನ್ ಸೆಟ್ 900, ಚೈನ್ ಸ್ಪ್ರಾಕೆಟ್ 1,400, ಲೈಟು ವೈರಿಂಗ್ 800, ಪಂಪ್ 2 ಸಾವಿರ, ಸೀಲ್ ಲೇಬರ್ ಸೇರಿ 1,800. ಒಟ್ಟು 12,100. ಮೊದಲು ಹೇಳಿದ ಎಂಜಿನ್ ಕೆಲಸವೊಂದಕ್ಕೇ 11 ಸಾವಿರ ಆಗುತ್ತಿತ್ತು, ತಾಮ್ರದ ತಂತಿ ಅಲ್ಲೇ ಇರುತ್ತಿತ್ತು.

ಮೂರನೇ ಪುಟದಿಂದ ಬಂದ ತೊಂದರೆ

ಟ್ಯಾಂಕಿನ ಒಳಗೆ ತುಕ್ಕು ಇತ್ತು. ಮುಚ್ಚಳ ತೆಗೆದರೆ ಟಾರ್ಚ್ ಬೆಳಕಿಗೆ ಕಂದು ಬಣ್ಣ ಕಾಣುತ್ತಿತ್ತು. ಬಣ್ಣ ಹೊಡೆಸುವಾಗ ಒಟ್ಟಿಗೆ ನೋಡಿದರಾಯಿತು ಅಂತ ಅದು ಮೂರನೇ ಪುಟದಲ್ಲಿ ಬಣ್ಣದ ಕೆಳಗೆ ಕೂತಿತ್ತು. ಒಂದೇ ಡಬ್ಬ ಅಂತ ಒಳಗೂ ಹೊರಗೂ ಒಂದೇ ಸಾಲಿಗೆ ಸೇರಿದ್ದೇ ಎಡವಟ್ಟು.

ಜೂನ್ ಕೊನೆಯ ಒಂದು ಭಾನುವಾರ ಸಂಜೆ ಮೇಷ್ಟ್ರು ಘಾಟಿ ಹತ್ತುತ್ತಿದ್ದರು. ಜಿಟಿಜಿಟಿ ಮಳೆ. ಅರ್ಧ ದಾರಿ ದಾಟಿದ ಮೇಲೆ ಎಂಜಿನ್ ಎಳೆತ ಕಳೆದುಕೊಂಡಿತು, ಒಂದೆರಡು ಸಲ ಮುಗ್ಗರಿಸಿ ತಿರುವಿನ ಮೇಲೇ ನಿಂತಿತು. ಹಿಂದೆ ಬಸ್ಸು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದ ಹಾಗೆ ಬ್ರೇಕ್ ಹಿಡಿದುಕೊಂಡು, ಬಸ್ಸು ಹೋದ ಮೇಲೆ ಪಕ್ಕಕ್ಕೆ ತಳ್ಳಿದರು. ಕಾರ್ಬುರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಪೆಟ್ರೋಲಿನ ಜೊತೆ ಕಂದು ಪುಡಿ ಹರಿದು ಬಂತು. ಪುಡಿ ತೊಳೆದು ಹೋದ ಮೇಲೆ ನಾಲ್ಕನೇ ಕಿಕ್ಕಿಗೆ ಶುರುವಾಯಿತು.

ಆವತ್ತು ಸಿಕ್ಕಿದ್ದು ಬರೀ ಕಿರಿಕಿರಿ. ಆದರೆ ತುಕ್ಕಿನ ಪುಡಿ ಜೆಟ್ಟಿಗೆ (ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತು) ಅರ್ಧ ಅಡ್ಡ ಬಂದು, ಎಂಜಿನ್ ನಿಲ್ಲದೆ ಕಮ್ಮಿ ಪೆಟ್ರೋಲಿನಲ್ಲೇ ಏರು ಹತ್ತಿದ್ದರೆ, ಬಿಸಿಯೇರಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯ ಇತ್ತು. ಎರಡನೇ ಪುಟದಲ್ಲಿ ಇರಬೇಕಾದ ಸಾಲು ಅದು. ನಮ್ಮ ಪ್ರಶ್ನೆಯ ಮಿತಿಯೂ ಅಲ್ಲಿ ಗೊತ್ತಾಯಿತು. "ಈ ಭಾಗ ಕೆಟ್ಟರೆ ಏನಾಗುತ್ತೆ" ಅಂದರೆ ಸಾಲದು, "ಇದರಿಂದ ಇನ್ಯಾವುದು ಕೆಡುತ್ತೆ" ಅಂತಲೂ ಕೇಳಬೇಕು. ಖರ್ಚಿನ ಲೆಕ್ಕದಲ್ಲಂತೂ ಇದನ್ನು ಮುಂದೂಡಲು ಕಾರಣವೇ ಇರಲಿಲ್ಲ. ಮುಂದಿನ ರಜೆಯಲ್ಲಿ ಮೇಷ್ಟ್ರು ಟ್ಯಾಂಕ್ ಬಿಚ್ಚಿ, ವಿನೆಗರ್ ತುಂಬಿಸಿ ಎರಡು ದಿನ ಇಟ್ಟರು. ಒಂದು ಹಿಡಿ ನಟ್ಟು ಬೋಲ್ಟು ಹಾಕಿ ಕುಲುಕಿದರು. ಅಡುಗೆ ಸೋಡಾ ನೀರಿನಿಂದ ತೊಳೆದು, ಒಣಗಿಸಿ, ಒಳಗೆಲ್ಲ 2ಟಿ ಆಯಿಲ್ ಸವರಿದರು. ಪೆಟ್ರೋಲ್ ಪೈಪಿಗೆ ಒಂದು ಚಿಕ್ಕ ಫಿಲ್ಟರ್ ಸೇರಿತು. ಎಲ್ಲ ಸೇರಿ 500 ರೂಪಾಯಿ ದಾಟಲಿಲ್ಲ.

ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ, ಸದ್ದಿನ ವಿಚಾರ ನೋಡೋಣ ಅಂತ ಸಿಲಿಂಡರಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿಸಿದರು. ಪಿಸ್ಟನ್ ತಲೆಯ ಮಸಿ ಕೆರೆದಾಗ 50 ಅಂತ ಅಚ್ಚು ಕಾಣಿಸಿತು. ಅಂದರೆ ಈಗಾಗಲೇ ಅರ್ಧ ಮಿಲಿಮೀಟರ್ ಬೋರ್ ಆಗಿರುವ ಸಿಲಿಂಡರ್. ಉಳಿದಿರೋದು ಎರಡೇ ಅವಕಾಶ. ಲೇತ್‌ನವರು ಸಿಲಿಂಡರ್ ಅಳೆದು, ಸವೆತ ಇದೆ, ಆದರೆ ಇನ್ನೊಂದು ವರ್ಷ ಓಡಿಸಬಹುದು ಅಂದರು. ಪಿಸ್ಟನ್ನಿನ ಸುತ್ತ ಕೂರುವ ರಿಂಗ್ ಮಾತ್ರ ಹೊಸದು ಹಾಕಿ ಮುಚ್ಚಿದರು. ಮೆಕ್ಯಾನಿಕ್ ಇದನ್ನು ಪೂರ್ತಿ ಒಪ್ಪಿಲ್ಲ. ಸವೆದ ಸಿಲಿಂಡರಿಗೆ ಹೊಸ ರಿಂಗ್ ಹಾಕೋದು ಅರ್ಧ ಕೆಲಸ ಅನ್ನೋದು ಅವರ ವಾದ. ಅದರಲ್ಲೂ ಹುರುಳಿದೆ.

ಬಜೆಟ್ಟಿನಲ್ಲಿ ಈಗ 5 ಸಾವಿರ ಚಿಲ್ಲರೆ ಉಳಿದಿದೆ. ಮೇಷ್ಟ್ರು ಸೀಟಿನ ಕವರ್ ಹಾಕಿಸಿಕೊಂಡಿದ್ದಾರೆ, ಬಣ್ಣದ ಸಾಲು ಮೂರನೇ ಪುಟದಲ್ಲೇ ಇದೆ. ಮೊದಲ ಪುಟಕ್ಕೆ ಹೋದ ತಿಂಗಳು ಹೊಸದೊಂದು ಸೇರಿತು. ಹಿಂದಿನ ಚಕ್ರ ಹಿಡಿದು ಅಕ್ಕಪಕ್ಕ ಅಲುಗಾಡಿಸಿದರೆ ಆ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಸದ್ದು ಮಾಡುತ್ತಿದೆ.